ಮೂರನೇ ಸುತ್ತು

ಲರ್ವಿಕ್ಕಿನಲ್ಲಿ, ಬಂದರಿಗೆ ಬೆನ್ನು ಹಾಕಿದ ಓಣಿಯಲ್ಲಿ
ಅಪ್ಪನ ಕುರ್ಚಿ, ಅಪ್ಪನ ಕನ್ನಡಿ, ಅಪ್ಪನ ಸಾಣೆಪಟ್ಟಿ.
ಬೋರ್ಡಿನ ಮೇಲೂ ಅವನದೇ ಹೆಸರು: ಗಿಬ್ಬಿ ಮೌವಟ್.
ಕತ್ತಿ ಹಿಡಿದವಳು ಮಾತ್ರ ನಾನು, ಸಿನ್ನಿ,
ಒಂಬತ್ತು ಚಳಿಗಾಲದಿಂದ.

ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿಗೆ.
ಎರಡನೆಯದು ಅಡ್ಡಕ್ಕೆ.
ಮೂರನೆಯದು ಎದುರಿಗೆ,
ದವಡೆಯ ಕೆಳಗೆ, ನಾಡಿ ಹಾರುವಲ್ಲಿ.

ಮೊದಲ ಸುತ್ತಿಗೆ ಯಾರ ನೊರೆಯಾದರೂ ಬಿಸಿಯೇ.
ಬಾಗಿಲಿಗೆ ಬಂದ ನೆಂಟನಿಗೆ
ಯಾರು ಕೊಡುವುದಿಲ್ಲ ಬಿಸಿ ಚಹಾ?
ಮೂರನೇ ದಿನಕ್ಕೆ ಗೊತ್ತಾಗುತ್ತದೆ ಮನೆ ಎಂಥದ್ದೆಂದು.

ಅದಕ್ಕೇ ಈ ಪಾತ್ರೆ.
ಕುಂಬಾರಗಿತ್ತಿ ಇಂಗಾ, ಎರಡು ಸಲ ಒಡೆದುಕೊಂಡು
ಮೂರನೇ ಸಲ ಸುಟ್ಟು ಕೊಟ್ಟದ್ದು:
ಹೊಟ್ಟೆಯೊಳಗೆ ಇನ್ನೊಂದು ಹೊಟ್ಟೆ.
ಹೊರಗಿನದಕ್ಕೆ ಕುದಿನೀರು, ಒಳಗಿನದಕ್ಕೆ ಸೋಪು,
ನಡುವೆ ಕಿವಿಯ ಹಾಲೆಯಷ್ಟು ತೆಳ್ಳಗೊಂದು ಗೋಡೆ.
ತಳದ ಗೀರುಗಳಿಗೆ ಕುದುರೆಕೂದಲ ಬ್ರಶ್ಶು ಉಜ್ಜಿದರೆ
ನೊರೆ ಗಟ್ಟಿಮೊಸರಿನ ಹಾಗೆ ಕೂರುತ್ತದೆ.
ಮೇಲೊಂದು ಉಣ್ಣೆಯ ಕುಲಾವಿ,
ನಾನೇ ಹೆಣೆದದ್ದು, ಒಂದು ಕಣ್ಣು ತಪ್ಪಿದೆ,
ಅಲ್ಲಿಂದ ಸಣ್ಣಗೆ ಹಬೆ ಹಾಯುತ್ತದೆ.

ಚಿಕ್ಕವಳಿದ್ದಾಗ ನಾನು ಉದುರಿದ ಕೂದಲು ಗುಡಿಸುತ್ತಿದ್ದೆ.
ಪ್ರತಿ ಗಿರಾಕಿಗೂ ಸರಿಯಾಗಿ ಅದೇ ಗಳಿಗೆಗೆ
ಅಪ್ಪನ ಕತೆ ಶುರುವಾಗುತ್ತಿತ್ತು.
ಅವನ ತಿಮಿಂಗಿಲಗಳಿಗೆಲ್ಲ ಹೆಸರಿತ್ತು,
ಒಂದಕ್ಕೆ ಕನ್ನಡಕವೂ ಇತ್ತು.
ಕುರ್ಚಿಯಲ್ಲಿದ್ದವರು ನಗಲಾಗದೆ
ಹೊಟ್ಟೆಯಲ್ಲೇ ಅದುರುತ್ತಿದ್ದರು.
ನನಗೆ ಮಾತು ಬಾರದು. ಬಿಸಿನೀರು ಬರುತ್ತದೆ.

ಜನವರಿಯ ಶನಿವಾರ. ಗಾಳಿಗೆ ಕರೆಂಟು ಹೋಯಿತು.
ಹಡಗುಗಳು ಹಗ್ಗ ಜಗ್ಗಿ ನರಳುತ್ತಿದ್ದವು.
ಪೀಟಿನ ಒಲೆಯ ಮೇಲೆ ಕೆಟಲು,
ಕೆಟಲಿನ ಮಗ್ಗುಲಲ್ಲಿ ಪಾತ್ರೆ,
ಕುರ್ಚಿಯಲ್ಲಿ ರಾಸ್ಮಿ ಗ್ಯಾರಿಯಕ್,
ವಾರದ ಗಡ್ಡದಲ್ಲಿ ಉಪ್ಪು, ಉಪ್ಪಿನಲ್ಲಿ ಮೀನಿನ ವಾಸನೆ.
ಮೊದಲ ಸುತ್ತಾಯಿತು, ಅಡ್ಡಸುತ್ತೂ ಆಯಿತು.
ನೀರು ಚೆಲ್ಲಿ ಮತ್ತೆ ಕುದಿನೀರು ತುಂಬಿದೆ,
ಕುಲಾವಿ ತೆಗೆದು ಬ್ರಶ್ಶಿಟ್ಟೆ ಅವನ ಗಂಟಲಿಗೆ.

ಕಣ್ಣು ಮುಚ್ಚಿಕೊಂಡೇ ಹೇಳಿದ:
'ನಿನ್ನಪ್ಪನದು ಇಷ್ಟು ಬಿಸಿ ಇರುತ್ತಿರಲಿಲ್ಲ.'

ಉಗುರುಬೆಚ್ಚಗಾದರೂ?

'ಮಂಜುನೀರು. ಮೂವತ್ತು ವರ್ಷ, ಮೂರನೇ ಸುತ್ತಿಗೆ
ಸತ್ತ ಮೀನು ಸವರಿದ ಹಾಗೆ.
ಅದಕ್ಕೇ ಅಲ್ಲವೇ ಆ ಕತೆಗಳು?
ಚಳಿ ಅನ್ನುವಷ್ಟರಲ್ಲಿ ತಿಮಿಂಗಿಲ ಬಂದಿರುತ್ತಿತ್ತು.
ಊರಿಗೆಲ್ಲ ಗೊತ್ತು, ಹುಡುಗಿ.'

ಊರಿಗೆಲ್ಲ ಗೊತ್ತು.
ನನ್ನೊಬ್ಬಳನ್ನು ನುಣ್ಣಗೆ ಬೋಳಿಸಿ ಹೋಗಿದ್ದ ಅಪ್ಪ.
ಅವನ ಬಿಸಿಯನ್ನು ಮುಟ್ಟಬೇಕೆಂದು ನಾನು
ಕೆಟಲು ಬದಲಿಸಿದ್ದೆ, ಇಂಗಾಳ ಜತೆ ಜಗಳವಾಡಿದ್ದೆ,
ರಾತ್ರಿ ಮಣಿಕಟ್ಟಿಗೆ ನೊರೆ ಬಳಿದು
ಗಡಿಯಾರ ನೋಡುತ್ತಾ ಕೂತಿದ್ದೆ, ಎಷ್ಟು ನಿಮಿಷಕ್ಕೆ
ಆರುತ್ತದೆ ಎಂದು.

ಸಿಟ್ಟು ಬರಬೇಕಿತ್ತು. ಕೈಯಲ್ಲಿ ಕತ್ತಿ ಇತ್ತು,
ಸಿಟ್ಟಿಗೆ ಅದು ಹೊತ್ತಲ್ಲ.

ಎದುರುಕೂದಲಿಗೆ ಅಲಗು ಏರಿಸಿದೆ, ಅಕ್ಕಿಕಾಳಿನಷ್ಟು, ಮತ್ತಷ್ಟು.
ನೊರೆ ಬಿಸಿಯಾಗಿಯೇ ಇತ್ತು. ಸಾಕಿತ್ತು ಅಷ್ಟು.
ಆದರೂ ಬಾಯಿ ತೆರೆದೆ,
'ನಿನ್ನೆ ಕಟ್ಟೆಯ ಮೇಲೆ ಒಂದು ಕಡಲನಾಯಿ' ಅಂದೆ,
'ಅಲುಗಬೇಡ' ಅಂದೆ,
ಮುಂದೆ ಏನೂ ಹೊಳೆಯಲಿಲ್ಲ.

ಗಾಳಿ ಬಾಗಿಲನ್ನು ಎರಡು ಸಲ ತಟ್ಟಿತು.

'ಆಮೇಲೆ?'
ತುಟಿ ಅಲುಗಿರಲಿಲ್ಲ.
ಅದು ನನ್ನ ಕಿವಿಗಿಂತ ಮೊದಲು
ಕತ್ತಿಗೆ ಕೇಳಿಸಿತು.