ಸಹಿ

ಅಮ್ಮಿಗೆ ಬರುವುದು ನಾಲ್ಕೇ ಅಕ್ಷರ.
ಎ, ಬಿ, ಸಿ, ಡಿ.
ಅಲ್ಲಿಗೆ ಇಂಗ್ಲಿಷು ಮುಗಿಯಿತು ಅಂದುಕೊಂಡಿದ್ದಾಳೆ,
ನಾನೂ ತಿದ್ದಿಲ್ಲ.

ಇಶಾ ನಮಾಜು ಮುಗಿದು
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ
ಚರಕಗಳು ಒಂದೊಂದೇ ನಿಂತು
ಬೆಂದ ಹುಳದ ವಾಸನೆ ಮಾತ್ರ ಇನ್ನೂ ತಿರುಗುತ್ತಿರುವಾಗ
ಉತ್ತರಗಳ ಹಾಳೆ ಅವಳ ತೊಡೆಯ ಮೇಲೆ,
ಪ್ರಶ್ನೆಗಳು ನನ್ನ ತೊಡೆಯ ಮೇಲೆ,
ನಡುವೆ ಒಂದೇ ಲೋಟ ಚಹಾ, ಇಬ್ಬರಿಗೂ.

ಪ್ರಾಥಮಿಕ ಸಮೂಹದ ಲಕ್ಷಣವಲ್ಲದ್ದು ಯಾವುದು?
ನಾನು: ಬಿ.
ಬೆರಳು ಸಾಲಿನ ಮೇಲೆ ಜಾರಿ, ನಿಂತು,
ಅಮ್ಮಿ: ಸಹಿ.
ತಪ್ಪಿದರೆ, ಗಲತ್.
ಗಲತ್ ಆದರೆ ಮುಂದಿನ ಚಹಾ ನಾನು ಕಾಯಿಸಬೇಕು.

ನಮ್ಮ ದಖನಿಯಲ್ಲಿ ಸಹಿ ಅಂದರೆ ಸರಿ.
ಕನ್ನಡದಲ್ಲಿ ಏನೆಂದು ನಿಮಗೆ ಗೊತ್ತು.
ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವ ಖಮರುನ್ನೀಸಾ
ಹೀಗೆ ರಾತ್ರಿಗೆ ಅರವತ್ತು ಎಪ್ಪತ್ತು ಸಹಿ ಹಾಕುತ್ತಾಳೆ.

ಹೆಬ್ಬೆಟ್ಟೂ ಈಗ ಪೂರ್ತಿ ಅವಳದಲ್ಲ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ನೋಡಿ ಕೆಂಪಾಗುತ್ತದೆ.
'ಬೆರಳು ಬರ್ತಿಲ್ಲ ಕಣಮ್ಮ, ಒರೆಸ್ಕೊಂಡು ಇಡಿ.'
ಮೂವತ್ತು ವರ್ಷ ಕುದಿವ ನೀರಿಗಿಳಿದು
ಗೂಡಿನ ತುದಿ ಹುಡುಕಿದ ಬೆರಳು.
ಎಳೆ ಸಿಕ್ಕಿತು, ಗೆರೆ ಹೋಯಿತು.

ನನ್ನದು ಬೇರೆ ಕಥೆ.
ಡಿಗ್ರಿ ಕಾಲೇಜಿನಲ್ಲಿ ಆರು ವರ್ಷದಿಂದ ಅತಿಥಿ ಉಪನ್ಯಾಸಕಿ.
ಇಷ್ಟು ದಿನ ಉಳಿದ ಅತಿಥಿಗೆ
ಯಾರ ಮನೆಯಲ್ಲಾದರೂ ಪೊರಕೆ ತೋರಿಸುತ್ತಾರೆ.
ಪ್ರತಿ ಜೂನ್‌ನಲ್ಲಿ ಪಟ್ಟಿ, ಹೆಸರಿನ ಮುಂದೆ 'ಸ್ಲೆಟ್ ಇಲ್ಲ'.
ಸಂಬಂಧ ತರುವ ಚಾಂದ್‌ಬೀ ಖಾಲಾ ಕೂಡ
ತನ್ನ ಡೈರಿಯಲ್ಲಿ ನನ್ನ ಮುಂದೆ ಏನೋ ಒಂದು 'ಇಲ್ಲ' ಬರೆದುಕೊಂಡಿದ್ದಾಳೆ.
ಹೋದ ಸಲ ಎರಡು ಪ್ರಶ್ನೆಯಲ್ಲಿ ತಪ್ಪಿತು.
ಅದರ ಹಿಂದಿನ ಸಲ ಎಷ್ಟರಲ್ಲಿ ಅಂತ ಹೇಳುವುದಿಲ್ಲ.

ಒಂದು ರಾತ್ರಿ ಪರಕೀಯತೆ ಬಂತು.
ದುಡಿಯುವವನು ಯಾವುದರಿಂದ ದೂರವಾಗುತ್ತಾನೆ?
ತಾನು ಮಾಡಿದ ವಸ್ತುವಿನಿಂದ,
ಮಾಡುವ ಕೆಲಸದಿಂದ,
ತನ್ನಿಂದಲೇ,
ಮೇಲಿನ ಎಲ್ಲವೂ.
ಡಿ ಅಂದೆ. ಸಹಿ ಅಂದಳು.
ಆಮೇಲೆ, ಎಂದೂ ಕೇಳದವಳು, ಅರ್ಥ ಕೇಳಿದಳು.

ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದೆ,
ನೀನು ತೆಗೆದ ರೇಷ್ಮೆ, ನೀನು ಉಡದ ಸೀರೆ,
ಎದುರಿಗೆ ನಲವತ್ತು ಮಕ್ಕಳಿದ್ದ ಹಾಗೆ ಕೈ ಆಡಿಸುತ್ತ.
ಅಮ್ಮಿ ಲೋಟ ಕೆಳಗಿಟ್ಟಳು.
'ಸೀರೆ ನನಗ್ಯಾಕೆ, ಜಾರತ್ತೆ.
ಕೂಲಿಗೆ ಹತ್ತು ರೂಪಾಯಿ ಜಾಸ್ತಿ ಕೇಳಿದೆ ಅನ್ನು,
ಅದು ಇದರಲ್ಲಿ ಯಾವುದು, ಎ-ನಾ, ಬಿ-ನಾ?'
ನಾನು ಪುಟ ತಿರುಗಿಸಿದೆ.
ಆ ಕಡೆ ಜಾತಿ ಇತ್ತು,
ಅದು ಸುಲಭದ ಅಧ್ಯಾಯ.

ಪರೀಕ್ಷೆ ತುಮಕೂರಿನಲ್ಲಿ.
ನಸುಕಿನ ಬಸ್ಸು, ದೊಡ್ಡಬಳ್ಳಾಪುರದಲ್ಲಿ ಇನ್ನೊಂದು,
ಮಡಿಲಲ್ಲಿ ಸಂಶೋಧನಾ ವಿಧಾನ, ಬಾಯಲ್ಲಿ ಏಲಕ್ಕಿ.
ಗೇಟಿನಲ್ಲಿ ಬಳೆ ತೆಗೆಸಿದರು, ದುಪಟ್ಟಾದ ಪಿನ್ನು ತೆಗೆಸಿದರು,
'ಹೆಬ್ಬೆಟ್ಟು ಇಡಿ ಮೇಡಂ' ಅಂದರು.
ಇಟ್ಟೆ.
ಮೊದಲ ಸಲಕ್ಕೇ ಹಸಿರು.
ಎಷ್ಟು ಸಲೀಸು.
ಹಿಂದಿನವಳು ಭುಜ ಮುಟ್ಟಿ ನೂಕುವವರೆಗೂ
ಆ ಹಸಿರನ್ನೇ ನೋಡುತ್ತ ನಿಂತಿದ್ದೆ.

ಮನೆ ಮುಟ್ಟುವಾಗ ಒಂಬತ್ತು ದಾಟಿತ್ತು.
ಅಮ್ಮಿ ಕೈ ತೊಳೆದು, ಕನ್ನಡಕ ಹಾಕಿ,
ಚಾಪೆಯ ಮೇಲೆ ತಯಾರು.
ಕೀ ಇನ್ನೂ ಬಂದಿಲ್ಲ ಅಮ್ಮಿ, ವಾರ ಆಗತ್ತೆ.
'ಬರಲಿ. ನೀನು ಹೇಳು, ಒಂದನೇದು?'
ಸಿ, ಅಂದೆ.
ಖಾಲಿ ತೊಡೆಯ ಮೇಲೆ ಬೆರಳು ಜಾರಿತು, ನಿಂತಿತು.
ಸಹಿ.
'ಎರಡನೇದು?'
ಎ.
ತುಂಬ ಹೊತ್ತು ಯೋಚಿಸಿದಳು,
ಬೆರಳನ್ನು ಸ್ವಲ್ಪ ಮೇಲೆ ತಂದಳು, ಮತ್ತೆ ಕೆಳಗೆ.
ಗಲತ್, ಅಂದಳು,
ಖಾಲಿ ಲೋಟ ನನ್ನ ಕಡೆ ಸರಿಸುತ್ತ.