ಕಿವಿಕಲ್ಲು

ಅಕ್ಕಿ ನುಚ್ಚಿನಷ್ಟು.
ಕಟ್ಟೀಮನಿ ಮೇಡಂ ನಾರ್ವೆಯಿಂದ ತಂದ ಲಕೋಟೆಯೊಳಗ
ಹತ್ತಿ ಮ್ಯಾಲೆ ಕೂತಿತ್ತು, ನಂಬರು ನಲವತ್ತೊಂದು.
ಮೀನಿನ ಕಿವಿಯೊಳಗಿನ ಕಲ್ಲು.
"ಗುತ್ತೆವ್ವಾ, ಇದನ್ನ ತಿಕ್ಕು. ನಟ್ಟನಡು ಕಾಣೂತನ ತಿಕ್ಕು,
ನಡು ದಾಟಬ್ಯಾಡ."

ಧಾರವಾಡದಾಗ ಆವತ್ತು ಮುಂಜಾನೆಯಿಂದ ಜಿಟಿಜಿಟಿ.
ಗುಡ್ಡದ ಮ್ಯಾಲಿನ ಲ್ಯಾಬಿನಾಗ ಕರೆಂಟು ಹೋಗಿ ಬಂದು ಮಾಡತಿತ್ತು.
ಗಾಜಿಗೆ ಅಂಟಿಸಿ, ಸಾಣಿ ಕಾಗದಕ್ಕ ನೀರು ಹನಿಸಿ,
ಎಂಟು ಸುತ್ತು ತಿಕ್ಕೂದು, ಒಂದು ಸಲ ನೋಡೂದು.
ಇಪ್ಪತ್ತಾರು ವರ್ಷದಿಂದ ಇದ ನನ್ನ ಕೆಲಸ.
ನನ್ನ ಹೆಬ್ಬೆರಳಿನಾಗ ಗೆರಿ ಉಳದಿಲ್ಲ;
ರೇಷನ್ ಅಂಗಡಿ ಮಷೀನು ನನ್ನ ಗುರುತು ಹಿಡಿಯೂದಿಲ್ಲ,
"ಬ್ಯಾರೆ ಬೆರಳು ಇಡಬೇ" ಅಂತಾನ ಅಂವ.

ಕರಿ ತಳದ ಮ್ಯಾಲೆ ಇಟ್ಟು, ಮ್ಯಾಲಿಂದ ಬೆಳಕು ಬಿಟ್ಟರ
ಕಲ್ಲು ಬಾಯಿ ಬಿಡತೈತಿ.
ಬ್ಯಾಸಿಗಿಗೆ ಅಗಲ ಬಿಳಿ ಪಟ್ಟಿ, ಚಳಿಗಾಲಕ್ಕ ಕಪ್ಪು ಎಳಿ:
ಹಿಮದ ಕೆಳಗ ಉಣ್ಣದ, ಬೆಳೀದ, ಸುಮ್ಮನ ನಿಂತ ತಿಂಗಳುಗಳು.
ಎಣಿಸತೀನಿ. ಒಂದು. ಎರಡು.

ನಮ್ಮ ವರದಾ ಹೊಳಿ ಮೀನನ್ನ ಹಿಂಗ ಓದಾಕ ಬರೂದಿಲ್ಲ.
ಗಳಗನಾಥದ ಮಡುವಿನಾಗ ಚಳಿ ಅಂದ್ರ ಏನು, ಒಂದು ಕಂಬಳಿ.
ನಮ್ಮಲ್ಲೆ ಗೆರಿ ಬೀಳೂದು ಹೊಳಿ ಬತ್ತಿದಾಗ,
ಮತ್ತ ಕೆಂಪು ನೀರು ಬಂದು ಹರಗಿ ಮೀನು ಏರಿದಾಗ.
ಅಪ್ಪ ಹರಗೋಲಿನಿಂದ ಕೈ ಇಳಿಬಿಟ್ಟು,
ನೀರಿನ ಬಣ್ಣ ನೋಡದ, ಹೇಳತಿದ್ದ: ನಾಳಿ ಹತ್ತತಾವು.

ಆ ದೇಶದ ಮೀನಿಂದು ಬ್ಯಾರೆ ಕಥಿ.
ಒಂದ ತಾಯಿ, ಒಂದ ಹಳ್ಳ, ಹರಳು ಕೆದರಿ ಮಾಡಿದ ಒಂದ ಕುಣಿ.
ಎರಡು ವರ್ಷ ಒಂದ ನೀರಾಗ ಹುಳ ತಿಂತಾವು.
ಆಮ್ಯಾಲೆ ಹಿಮ ಕರಗೂ ಹೊತ್ತಿಗೆ
ಕೆಲವು ಮೈಮ್ಯಾಲಿನ ಚುಕ್ಕಿ ಅಳಿಸಿಕೊಂಡು, ಬೆಳ್ಳಿ ಆಗಿ,
ಸಮುದ್ರಕ್ಕ ಇಳೀತಾವು; ಮೊಳದುದ್ದ ಬೆಳದು ಬರತಾವು.
ಕೆಲವು ಇಳಿಯೂದ ಇಲ್ಲ.
ಗೇಣುದ್ದಕ್ಕ ನಿಂತು, ಚುಕ್ಕಿ ಇಟಗೊಂಡು,
ಅದ ಕಲ್ಲಿನ ಸಂದಿನಾಗ ಮುದುಕ ಆಗತಾವು.
ಯಾಕ ಅಂತ ಕೇಳಿದೆ.
ಮೇಡಂ ಚಹಾ ಆರಿಸಿಕೋತ ಅಂದ್ರು:
"ಹೊಟ್ಟಿತುಂಬ ಸಿಕ್ಕದ್ದು ಉಳೀತೈತಿ, ಹಸದದ್ದು ಹೋಗತೈತಿ.
ಇಲ್ಲಾ ಅದರ ಉಲ್ಟಾ. ಇನ್ನೂ ಜಗಳ ಮುಗದಿಲ್ಲ."

ನಲವತ್ತೊಂದು ಉಳದ ಮೀನು.
ಏಳು ಚಳಿಗಾಲ, ಇಪ್ಪತ್ತು ಸೆಂಟಿಮೀಟರು,
ಆ ಹಳ್ಳದಾಚೆ ಏನೂ ಕಂಡಿಲ್ಲ ಅಂತ ಪಟ್ಟಿಯೊಳಗ ಬರದಿತ್ತು.

ಕಲ್ಲನ್ನ ಹೈದರಾಬಾದಿಗೆ ಕಳಿಸಿದ್ವಿ. ಅಲ್ಲೆ ಲೇಸರು
ಅಂಚಿನಿಂದ ನಡುವಿನ ತನಕ ಒಂದು ಹಾದಿ ಕೊರದು
ಯಾವ ವರ್ಷ ಯಾವ ನೀರು ಅಂತ ಹೇಳತೈತಿ.
ಗ್ರಾಫು ಬಂತು. ಗೆರಿ ಸಪಾಟು; ಏಳೂ ವರ್ಷ ಹಳ್ಳದ ಸಪ್ಪನ ನೀರು.
ನಟ್ಟನಡುವಿಗೆ ಬಂದಾಗ ಮಾತ್ರ
ಹೆಡಿ ಎತ್ತಿಧಂಗ ಎದ್ದು ನಿಂತಿತ್ತು.
"ತಪ್ಪು ತಿಕ್ಕೀನೇನ್ರಿ?"
"ಇಲ್ಲ. ಅದು ತಾಯಿ," ಅಂದ್ರು.
"ಸಮುದ್ರದಾಗ ಉಂಡು ಬಂದಾಕಿ. ತತ್ತಿ ಹಳದಿಯೊಳಗ
ಬುತ್ತಿ ಕಟ್ಯಾಳ. ಮರಿ ತನ್ನ ಮೊದಲ ಹರಳನ್ನ
ಅದರಿಂದನ ಕಟಗೊಂಡೈತಿ."

ಮಧ್ಯಾಹ್ನ ಡಬ್ಬಿ ಬಿಚ್ಚಿದೆ.
ನನ್ನ ಸಾರಿನ ಬಗ್ಗೆ ಲ್ಯಾಬಿನಾಗ ಎಲ್ಲಾರದೂ ಒಂದ ಮಾತು:
ಗುತ್ತೆವ್ವಂದು ಉಪ್ಪು ಒಂದು ಚಿಟಿಕಿ ಮುಂದ.
ನಮ್ಮವ್ವ ಅಂಕೋಲಾ ಕಡಿಯಾಕಿ. ಹೊಳಿ ದಂಡಿಗೆ ಲಗ್ನಾಗಿ ಬಂದು
ನಲವತ್ತು ವರ್ಷ ಸಿಹಿನೀರಿನ ಮೀನು ಹೆಚ್ಚಿದಳು.
"ಮಣ್ಣು ವಾಸನಿ" ಅನ್ನಾಕಿ,
ಒಂದೀಟು ಹುಣಸಿ, ಮತ್ತೊಂದೀಟು ಉಪ್ಪು.
ನಾ ಸಮುದ್ರ ನೋಡಿಲ್ಲ. ಕೆಲಗೇರಿ ಕೆರಿ ನೋಡೀನಿ.

ಡಬ್ಬಿ ತೊಳದು ನಲವತ್ತೆರಡರ ಲಕೋಟೆ ಬಿಚ್ಚಿದೆ.
ಮಳಿ ಬಿಟ್ಟಿರಲಿಲ್ಲ. ಸಾಣಿ ಕಾಗದ ಹೊಸದು ಹಾಕಿ
ಹೆಬ್ಬೆರಳು ಒದ್ದಿ ಮಾಡಿಕೊಂಡೆ.
ಎಂಟು ಸುತ್ತು ತಿಕ್ಕಿ, ನೋಡೂದು ಮರತು,
ಇನ್ನೆಂಟು.