ಹಗ್ಗ ಉದ್ದ ಮಾಡಿದ್ದು

ಮಕ್ಕಳ ಡಾಕ್ಟ್ರು ಎಲ್ಲಿದ್ದಾರೆ ಎಂದು
ಮೊದಲು ಕೇಳಿದ್ದು ಬೀಡಿ ಬ್ರಾಂಚಿನಲ್ಲಿ.
ಕಟ್ಟು ಎಣಿಸುತ್ತಿದ್ದ ವಿಠಲ ಸಪಳಿಗರು
ತಲೆ ಎತ್ತದೆ, ಕಾರ್ಕಳ, ಇಲ್ಲಾಂದ್ರೆ ಮಣಿಪಾಲ ಅಂದರು.
ಎಣಿಕೆ ತಪ್ಪಿತೆಂದು ನನಗೇ ಬೈದರು.

ಮುನಿಯಾಲಲ್ಲಿ ಒಬ್ಬರಿದ್ದರಲ್ಲ, ಅಂದ ಕಂಡಕ್ಟರ್.
ಅವರು ದನದ ಡಾಕ್ಟ್ರು ಮಾರಾಯ, ಹಿಂದಿನ ಸೀಟಿನಿಂದ ಯಾರೋ.
ಬಸ್ಸಿಗೆ ಬಸ್ಸೇ ನಕ್ಕಿತು.
ನನ್ನ ಸೆರಗಿನೊಳಗೆ ಏಳು ತಿಂಗಳ ಎದೆ
ಸೀಟಿ ಊದುತ್ತಿತ್ತು,
ಯಾವ ಸ್ಟಾಪಿನದೂ ಅಲ್ಲದ ಸೀಟಿ.

ನಮ್ಮೂರ ಡಾಕ್ಟ್ರು ಒಳ್ಳೆಯವರೇ.
ಮಾತ್ರೆ ಮುರಿದು, ಮತ್ತೆ ಮುರಿದು,
ಉಗುರಿನಷ್ಟು ತುಂಡನ್ನು ನೋಡುತ್ತ ಕೂತು
'ಇಷ್ಟು ಸಣ್ಣವರದ್ದು ನನಗೆ ಧೈರ್ಯ ಇಲ್ಲ ಮಗಾ' ಅಂದರು.
ಆ ಮಾತಿಗೆ ಫೀಸು ತೆಗೆದುಕೊಳ್ಳಲಿಲ್ಲ.

ಕೊನೆಗೆ ಹೇಳಿದವಳು ಮೀನಿನ ಬೇಬಿಯಕ್ಕ:
ತಿಂಗಳ ಎರಡನೇ ಮಂಗಳವಾರ, ಅಜೆಕಾರು,
ಮೆಡಿಕಲ್ಲಿನ ಹಿಂದೆ ರಟ್ಟಿನ ಪೆಟ್ಟಿಗೆ ಇಡುವ ಕೋಣೆ,
ಅಲ್ಲೊಬ್ಬರು ಹೆಂಗಸು ಕೂತುಕೊಳ್ಳುತ್ತಾರೆ.
ಹೆಸರು ಗೊತ್ತಿಲ್ಲ. ಬಂಗುಡೆ ತಿನ್ನುವುದಿಲ್ಲ, ಅಷ್ಟು ಗೊತ್ತು.

ಆ ದಿನ ಗುರುವಾರ.
ಐದು ರಾತ್ರಿ ಗೋಡೆಗೊರಗಿ ಕೂತೇ ಅವನನ್ನು ಹಿಡಿದೆ.

ಅವರು ಸ್ಟೆತಸ್ಕೋಪಿನ ಬಿಲ್ಲೆಯನ್ನು
ಮೊದಲು ತಮ್ಮ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿದರು.
ಆಮೇಲೆ ಎದೆಗೆ. ಆಮೇಲೆ ಬೆನ್ನಿಗೆ. ತುಂಬ ಹೊತ್ತು.
ಅವನು ಅಳುವುದನ್ನೇ ಮರೆತ.
ಆಮೇಲೆ ನನ್ನ ಕೈ ಹಿಡಿದು ಮೂಸಿದರು.
'ಬೀಡಿ ಕಟ್ಟುತ್ತೀರಾ? ತೊಟ್ಟಿಲು ಎಲ್ಲಿದೆ?'

ತೊಟ್ಟಿಲು ನನ್ನ ಪಕ್ಕದಲ್ಲೇ.
ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ,
ಕಾಲಿನ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ.
ಎಷ್ಟು ಜಾಣೆ ನೋಡಿ ಎಂದು
ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಬೈಯಲಿಲ್ಲ ಅವರು. ಬೈದಿದ್ದರೆ ಆಗುತ್ತಿತ್ತು.
ಕಟ್ಟಬೇಡಿ ಎನ್ನಲೂ ಇಲ್ಲ.
ಔಷಧಿ ಬರೆದುಕೊಟ್ಟು
'ದೂರ ಇಡಿ' ಅಂದರು, ಅಷ್ಟೇ.

ಈಗ ನಾನು ಅಂಗಳದಾಚೆ, ಹಲಸಿನ ಬುಡದಲ್ಲಿ.
ತೊಟ್ಟಿಲು ಒಳಕೋಣೆಯಲ್ಲಿ.
ಬಾವಿಯ ಹಳೆ ಹಗ್ಗ ಸೇರಿಸಿ ಗಂಟು ಹಾಕಿ
ಕಿಟಕಿಯ ಸರಳಿನ ನಡುವೆ ತಂದಿದ್ದೇನೆ ಕಾಲಿಗೆ.
ಎಳೆದದ್ದು ಅಲ್ಲಿಗೆ ತಲುಪಲು ಒಂದು ಕ್ಷಣ ತಡ.
ಆ ಕ್ಷಣ ಕೈ ನಿಲ್ಲುತ್ತದೆ, ಕಿವಿ ಕೇಳುತ್ತದೆ.
ಸಾವಿರಕ್ಕೆ ಐವತ್ತು ಬೀಡಿ ಕಡಿಮೆ.

ಯಾಕೆ ಎಂದು ವಿಠಲ ಸಪಳಿಗರು ಕೇಳಿದರೆ
ಆ ರಟ್ಟಿನ ಪೆಟ್ಟಿಗೆಯ ಕೋಣೆಗೆ ದಾರಿ ಹೇಳುತ್ತೇನೆ.
ಅವರ ಸೊಸೆಗೂ ಈಗ ಏಳು ತಿಂಗಳು.